ಸ್ಥಾನ ಬದಲಾದರೆ ಬೆಲೆ ಬದಲು

ಹತ್ತು ವರ್ಷಗಳ ಅವಧಿಯಲ್ಲಿ ಸವಣೂರಿನ ಜನ ಮೂರು ದೊಡ್ಡ ಬದಲಾವಣೆಗಳನ್ನು ಕಂಡರು. 1948ರ ಮಾರ್ಚ್ 8ರಂದು ನವಾಬರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆಯ ಜೊತೆಗೆ ಊರು ಮೈಸೂರು ರಾಜ್ಯಕ್ಕೆ ಸೇರಿತು. ಅದಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಹೋಗಿ ನೂರು ನಯಾಪೈಸೆ ಎಂಬ ಲೆಕ್ಕ ಬಂತು.

ಮೊದಲ ಎರಡು ಬದಲಾವಣೆಗಳನ್ನು ಚರಿತ್ರೆಯ ಪುಸ್ತಕಗಳು ವಿವರವಾಗಿ ಹೇಳುತ್ತವೆ. ಮೂರನೆಯದಕ್ಕೆ ಅಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಆದರೆ ಎಲೆ ಅಡಿಕೆ ಮಾರುವವನ ಗಲ್ಲೆಯಿಂದ ಹಿಡಿದು ಶಾಲೆಯ ಹುಡುಗನ ಪಾಟಿಯವರೆಗೆ ಎಲ್ಲವನ್ನೂ ಮುಟ್ಟಿದ್ದು ಈ ಮೂರನೆಯ ಬದಲಾವಣೆಯೇ. ಅದರ ಹಿಂದೆ ಸಾವಿರಾರು ವರ್ಷಗಳ ಒಂದು ಪಯಣವಿದೆ. ಆ ಪಯಣದಲ್ಲಿ ಸವಣೂರಿನ ನೆರೆಯ ಬಂಕಾಪುರವೂ ಇದೆ, ದೂರದ ಬಾಗ್ದಾದ್, ದಮಾಸ್ಕಸ್ ಮತ್ತು ಸಮರ್ಖಂದ್‌ಗಳೂ ಇವೆ.

ಆಣೆ ಕಾಲದ ಹತ್ತರ ಗುಣಾಕಾರ

ಹಿರಿಯರು ಲೆಕ್ಕ ಮಾಡುತ್ತಿದ್ದ ರೀತಿಯನ್ನು ಒಮ್ಮೆ ನೋಡಿ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಂದು ವಸ್ತುವಿನ ಬೆಲೆ ಎರಡು ರೂಪಾಯಿ ಏಳು ಆಣೆ ಒಂಬತ್ತು ಪೈ ಎಂದಿಟ್ಟುಕೊಳ್ಳಿ. ಅಂಥ ಹತ್ತು ವಸ್ತುಗಳಿಗೆ ಎಷ್ಟು? ಒಂಬತ್ತು ಪೈ ಹತ್ತು ಸಲ ಎಂದರೆ ತೊಂಬತ್ತು ಪೈ, ಅಂದರೆ ಏಳು ಆಣೆ ಆರು ಪೈ. ಏಳು ಆಣೆ ಹತ್ತು ಸಲ ಎಂದರೆ ಎಪ್ಪತ್ತು. ಕೈಯಲ್ಲಿದ್ದ ಏಳನ್ನು ಕೂಡಿಸಿದರೆ ಎಪ್ಪತ್ತೇಳು ಆಣೆ, ಅಂದರೆ ನಾಲ್ಕು ರೂಪಾಯಿ ಹದಿಮೂರು ಆಣೆ. ಎರಡು ರೂಪಾಯಿ ಹತ್ತು ಸಲ ಇಪ್ಪತ್ತು, ಅದಕ್ಕೆ ನಾಲ್ಕು. ಕೊನೆಗೆ ಉತ್ತರ ಇಪ್ಪತ್ತನಾಲ್ಕು ರೂಪಾಯಿ ಹದಿಮೂರು ಆಣೆ ಆರು ಪೈ. ಹನ್ನೆರಡರಿಂದ ಒಮ್ಮೆ, ಹದಿನಾರರಿಂದ ಒಮ್ಮೆ ಭಾಗಿಸದೆ ಈ ಉತ್ತರ ಸಿಗುವುದಿಲ್ಲ.

ಈಗ ಬೆಲೆ 2.48 ರೂಪಾಯಿ ಎನ್ನಿ. ಹತ್ತಕ್ಕೆ 24.80. ಇಲ್ಲಿ ಮಗ್ಗಿ ಬೇಕಾಗಿಲ್ಲ. ಎರಡು, ನಾಲ್ಕು, ಎಂಟು ಎಂಬ ಅಂಕಿಗಳು ಹಾಗೆಯೇ ಇವೆ. ಪ್ರತಿಯೊಂದೂ ಒಂದು ಮನೆ ಎಡಕ್ಕೆ ಸರಿದಿದೆ, ಅಷ್ಟೇ.

ಇದು ಸಾಧ್ಯವಾಗುವುದು ಸ್ಥಾನಬೆಲೆ ಎಂಬ ಒಂದು ಕಲ್ಪನೆಯಿಂದ. 45 ಎಂದು ಬರೆದಾಗ 4 ಎಂಬುದು ನಾಲ್ಕಲ್ಲ, ನಾಲ್ಕು ಹತ್ತು. ಅದು ಕೂತ ಜಾಗವೇ ಅದಕ್ಕೆ ಆ ಬೆಲೆಯನ್ನು ಕೊಟ್ಟಿದೆ. ಹತ್ತರಿಂದ ಗುಣಿಸಿದರೆ ನಾಲ್ಕು ಹತ್ತುಗಳು ನಾಲ್ಕು ನೂರಾಗುತ್ತವೆ, ಐದು ಬಿಡಿಗಳು ಐದು ಹತ್ತಾಗುತ್ತವೆ. ಬಿಡಿಯ ಮನೆ ಖಾಲಿ ಉಳಿಯುತ್ತದೆ. ಆ ಖಾಲಿ ಮನೆಗೆ ಗುರುತು ಬೇಕು. ಅದೇ ಸೊನ್ನೆ. ನೂರರಿಂದ ಗುಣಿಸಿದರೆ ಎರಡು ಮನೆ, ಸಾವಿರದಿಂದ ಗುಣಿಸಿದರೆ ಮೂರು ಮನೆ ಸರಿಯಬೇಕು. ಭಾಗಾಕಾರಕ್ಕೆ ಬಲಕ್ಕೆ ಸರಿದರಾಯಿತು.

ಸೊನ್ನೆ ಎಂಬ ಮಾತು ಶೂನ್ಯದಿಂದ ಬಂದದ್ದು. ಅರಬ್ಬರು ಇದನ್ನು 'ಸಿಫ್ರ್' ಎಂದರು. ಎರಡರ ಅರ್ಥವೂ ಒಂದೇ: ಖಾಲಿ. ಆ ಸಿಫ್ರ್ ಯುರೋಪಿಗೆ ಹೋಗಿ ಝೀರೋ ಆಯಿತು.

ಬಂಕಾಪುರದ ಕಾಲ

ನಮ್ಮ ಸೀಮೆಯ ಹಳೆಯ ಶಾಸನಗಳನ್ನು ಓದಿದವರಿಗೆ ನಾಡುಗಳ ಹೆಸರಿನ ಜೊತೆಗೆ ಸಂಖ್ಯೆಗಳು ಬರುವುದು ಗೊತ್ತು. ಬನವಾಸಿ ಹನ್ನೆರಡು ಸಾವಿರ, ಪಾನುಂಗಲ್ಲು ಐನೂರು, ಪುಲಿಗೆರೆ ಮುನ್ನೂರು. ಪಾನುಂಗಲ್ಲು ಎಂದರೆ ಇಂದಿನ ಹಾನಗಲ್ಲು, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ. ನಾಡನ್ನು ನೂರು ಸಾವಿರಗಳಲ್ಲಿ ಎಣಿಸುವುದು ಇಲ್ಲಿ ರೂಢಿಯಾಗಿತ್ತು. ಹತ್ತು, ನೂರು ಎಂಬ ಮಾತುಗಳು ಅಚ್ಚಗನ್ನಡದವು. ಸಾವಿರ ಸಂಸ್ಕೃತದ ಸಹಸ್ರದಿಂದ ಬಂದಿದೆ.

ಒಂಬತ್ತನೆಯ ಶತಮಾನದಲ್ಲಿ ಈ ಭಾಗ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿತ್ತು. ಅವನ ಸೇನಾನಿ ಬಂಕೇಶ ಬನವಾಸಿಯನ್ನು ಆಳಿದ. ಬಂಕೇಶನ ಮಗ ಲೋಕಾದಿತ್ಯ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಊರೇ ಬಂಕಾಪುರ. ಗುಣಭದ್ರಾಚಾರ್ಯರ 'ಉತ್ತರಪುರಾಣ'ಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಅಲ್ಲಿಯೇ.

ಅದೇ ಅಮೋಘವರ್ಷನನ್ನು ಹೊಗಳಿ ಗ್ರಂಥವನ್ನು ಆರಂಭಿಸಿದ ಇನ್ನೊಬ್ಬ ಜೈನ ವಿದ್ವಾಂಸ ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ ಅವನು ರಚಿಸಿದ 'ಗಣಿತಸಾರಸಂಗ್ರಹ' ಕೇವಲ ಗಣಿತಕ್ಕೇ ಮೀಸಲಾದ ಗ್ರಂಥ. ಅದಕ್ಕೂ ಮೊದಲಿನ ಪ್ರಸಿದ್ಧ ಗಣಿತಜ್ಞರು ಸಾಮಾನ್ಯವಾಗಿ ಗಣಿತವನ್ನು ಖಗೋಳ ಗ್ರಂಥದ ಒಂದು ಅಧ್ಯಾಯವಾಗಿ ಬರೆಯುತ್ತಿದ್ದರು. ಮಹಾವೀರ ಸಂಖ್ಯಾಸ್ಥಾನಗಳಿಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಪಟ್ಟಿ ಮಾಡಿದ್ದಾನೆ. ಏಕ, ದಶ, ಶತ, ಸಹಸ್ರದಿಂದ ಆರಂಭಿಸಿ ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ ಬರೆದರೆ ಅದು ಮಹಾಕ್ಷೋಭ. ಪ್ರತಿ ಹೆಸರೂ ಹಿಂದಿನದರ ಹತ್ತರಷ್ಟು.

ಸ್ಥಾನಗಳ ಈ ಆಟ ಅವನಿಗೆ ಪ್ರಿಯವಾಗಿತ್ತು. 152207ನ್ನು 73ರಿಂದ ಗುಣಿಸಿದರೆ 11111111 ಬರುತ್ತದೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಹೀಗೆ ಎರಡೂ ಕಡೆಯಿಂದ ಓದಿದರೆ ಒಂದೇ ಆಗಿರುವ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸಿದ. ಅವನೂ ಎಡವಿದ ಜಾಗವಿದೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಹೇಳಿದ್ದಾನೆ, ಅದು ಸರಿಯಲ್ಲ. ಸೊನ್ನೆಯನ್ನು ಮನೆ ತುಂಬಲು ಬಳಸುವುದು ಬೇರೆ, ಅದನ್ನೇ ಒಂದು ಸಂಖ್ಯೆಯಾಗಿ ಪಳಗಿಸುವುದು ಬೇರೆ. ಎರಡನೆಯದಕ್ಕೆ ಇನ್ನೂ ಹಲವು ಶತಮಾನ ಬೇಕಾಯಿತು.

'ಗಣಿತಸಾರಸಂಗ್ರಹ' 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚಾಯಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂತು. ಕನ್ನಡದಲ್ಲಿಯೇ ಗಣಿತ ಬರೆದ ರಾಜಾದಿತ್ಯ ಹನ್ನೆರಡನೆಯ ಶತಮಾನದವನು. ಅವನ 'ವ್ಯವಹಾರಗಣಿತ'ದ ಹೆಸರೇ ಅದು ಯಾರಿಗಾಗಿ ಎಂಬುದನ್ನು ಹೇಳುತ್ತದೆ.

ಬಾಗ್ದಾದಿನ ದಾರಿ

ಅಮೋಘವರ್ಷನ ರಾಜ್ಯ ಅರಬ್ಬರಿಗೆ ಅಪರಿಚಿತವಾಗಿರಲಿಲ್ಲ. ವ್ಯಾಪಾರಿ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ ಕ್ರಿ.ಶ. 851ರ ಅರಬ್ಬೀ ವೃತ್ತಾಂತವು 'ಬಲ್ಹರಾ'ನನ್ನು ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿ, ಅವನು ಅರಬ್ಬರ ಬಗ್ಗೆ ಆದರವುಳ್ಳವನೆಂದು ಹೇಳುತ್ತದೆ. ವಲ್ಲಭರಾಜ ಎಂಬ ರಾಷ್ಟ್ರಕೂಟರ ಬಿರುದು ಅವರ ನಾಲಗೆಯಲ್ಲಿ ಬಲ್ಹರಾ ಆಗಿತ್ತು. ಹತ್ತನೆಯ ಶತಮಾನದಲ್ಲಿ ಬಂದ ಅಲ್ ಮಸ್ಊದಿ ಈ ಅರಸರ ನಾಡಿನಲ್ಲಿ ಮುಸ್ಲಿಮರಿಗೆ ಗೌರವವಿತ್ತು, ಮಸೀದಿಗಳಿದ್ದವು ಎಂದು ಬರೆದಿದ್ದಾನೆ.

ಅಂಕಿಗಳು ಮಾತ್ರ ಇದಕ್ಕೂ ಮೊದಲೇ ಪಶ್ಚಿಮಕ್ಕೆ ಹೊರಟಿದ್ದವು. ಕ್ರಿ.ಶ. 662ರಲ್ಲಿಯೇ ಸಿರಿಯಾದ ಕ್ರೈಸ್ತ ಬಿಷಪ್ ಸೆವೆರಸ್ ಸೆಬೋಖ್ತ್ ಭಾರತೀಯರ ಒಂಬತ್ತು ಚಿಹ್ನೆಗಳ ಲೆಕ್ಕವನ್ನು ಮೆಚ್ಚಿಕೊಂಡಿದ್ದ. ಖಲೀಫಾ ಮನ್ಸೂರನ ಕಾಲದಲ್ಲಿ, 770ರ ದಶಕದಲ್ಲಿ, ಭಾರತದ ಖಗೋಳ ಗ್ರಂಥ ಬಾಗ್ದಾದನ್ನು ತಲುಪಿ ಅರಬ್ಬಿಗೆ ಅನುವಾದವಾಯಿತು. ಸುಮಾರು 825ರಲ್ಲಿ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಹಿಂದೂ ಲೆಕ್ಕದ ಬಗ್ಗೆ ಒಂದು ಪುಸ್ತಕ ಬರೆದ. ಅದರ ಅರಬ್ಬೀ ಮೂಲ ಉಳಿದಿಲ್ಲ, ಲ್ಯಾಟಿನ್ ರೂಪಗಳಿವೆ. ಅವನ ಹೆಸರೇ ಯುರೋಪಿನವರ ಬಾಯಲ್ಲಿ 'ಅಲ್ಗಾರಿದಮ್' ಆಯಿತು.

ಆ ಕಾಲದ ಅರಬ್ಬರ ಕೈಯಲ್ಲಿ ಆಗಲೇ ಒಂದು ಪದ್ಧತಿ ಇತ್ತು: ಅಕ್ಷರಗಳಿಗೆ ಬೆಲೆ ಕೊಡುವ ಅಬ್ಜದ್. 786 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಬಲ್ಲ ಓದುಗರಿಗೆ ಇದರ ಪರಿಚಯವಿರುತ್ತದೆ. ಇಪ್ಪತ್ತೆಂಟು ಅಕ್ಷರಗಳಲ್ಲಿ ಒಂಬತ್ತು ಬಿಡಿಗೆ, ಒಂಬತ್ತು ಹತ್ತಕ್ಕೆ, ಒಂಬತ್ತು ನೂರಕ್ಕೆ, ಉಳಿದ ಒಂದು ಸಾವಿರಕ್ಕೆ. ಇದರಲ್ಲಿ 45 ಎಂದರೆ ಮೀಮ್ ಮತ್ತು ಹೇ. 450 ಎಂದರೆ ತೇ ಮತ್ತು ನೂನ್. ಹತ್ತರಿಂದ ಗುಣಿಸಿದ ಕೂಡಲೇ ಎರಡು ಅಕ್ಷರಗಳೂ ಬದಲಾದವು. ಮೊದಲಿನದರ ಗುರುತೇ ಉಳಿಯಲಿಲ್ಲ. ಹಿಂದೂ ಲೆಕ್ಕದಲ್ಲಾದರೆ 4 ಮತ್ತು 5 ಹಾಗೆಯೇ ಉಳಿಯುತ್ತವೆ. ಬಾಗ್ದಾದಿನ ವಿದ್ವಾಂಸರು ಹೊಸದನ್ನು ಏಕೆ ಬಾಚಿಕೊಂಡರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಅವರು ಪಡೆದುಕೊಂಡು ಸುಮ್ಮನಿರಲಿಲ್ಲ. ಭಾರತದಲ್ಲಿ ಎಡಕ್ಕೆ ಬೆಳೆದಿದ್ದ ಮನೆಗಳ ಸಾಲನ್ನು ಬಿಡಿಯ ಸ್ಥಾನ ದಾಟಿ ಬಲಕ್ಕೂ ಬೆಳೆಸಿದರು. ದಮಾಸ್ಕಸಿನ ಅಲ್ ಉಕ್ಲಿದಿಸಿ ಹಿಜರಿ 341ರಲ್ಲಿ, ಅಂದರೆ ಕ್ರಿ.ಶ. 952-53ರಲ್ಲಿ, ಬರೆದ ಪುಸ್ತಕದಲ್ಲಿ 19ನ್ನು ಐದು ಸಲ ಅರ್ಧ ಮಾಡಿ ತೋರಿಸುತ್ತಾನೆ: ಒಂಬತ್ತೂವರೆ, ನಾಲ್ಕೂ ಮುಕ್ಕಾಲು, ಹೀಗೆ ಇಳಿಯುತ್ತಾ ಕೊನೆಗೆ ನಾವು ಇಂದು 0.59375 ಎಂದು ಬರೆಯುವ ಸಂಖ್ಯೆಗೆ ಬರುತ್ತಾನೆ. ಬಿಡಿಯ ಸ್ಥಾನ ಎಲ್ಲಿದೆ ಎಂದು ತೋರಿಸಲು ಅದರ ಮೇಲೆ ಒಂದು ಸಣ್ಣ ಗೆರೆ ಎಳೆಯುತ್ತಾನೆ. ಇಂದಿನ ದಶಾಂಶ ಬಿಂದುವಿನ ಕೆಲಸವನ್ನು ಆ ಗೆರೆ ಮಾಡಿತು. ಧೂಳು ಹರಡಿದ ಹಲಗೆಯ ಮೇಲೆ ಬರೆದು ಅಳಿಸುವ ಪದ್ಧತಿಯನ್ನು ಬಿಟ್ಟು ಕಾಗದ ಮತ್ತು ಶಾಯಿಯಿಂದ ಲೆಕ್ಕ ಮಾಡುವುದನ್ನೂ ಅವನು ಕಲಿಸಿದ. ಆ ಹಲಗೆಗೆ ಅರಬ್ಬಿಯಲ್ಲಿ 'ತಖ್ತ್' ಎನ್ನುತ್ತಿದ್ದರು. ನಮ್ಮ ಕಚೇರಿಗಳ 'ತಖ್ತೆ' ಅದರ ಬಂಧು. 1427ರಲ್ಲಿ ಸಮರ್ಖಂದಿನ ಅಲ್ ಕಾಶಿ 'ಮಿಫ್ತಾಹುಲ್ ಹಿಸಾಬ್'ನಲ್ಲಿ ದಶಾಂಶಗಳಿಗೆ ಪೂರ್ಣ ವ್ಯವಸ್ಥೆ ಕೊಟ್ಟ. ಯುರೋಪಿನಲ್ಲಿ ಸ್ಟೆವಿನ್‌ನ ದಶಾಂಶದ ಪುಸ್ತಕ ಬಂದದ್ದು 1585ರಲ್ಲಿ.

ಸುಮಾರು 1030ರಲ್ಲಿ ಅಲ್ ಬಿರೂನಿ ಭಾರತದ ಬಗ್ಗೆ ಬರೆಯುವಾಗ ಕರ್ನಾಟ ದೇಶದ ಲಿಪಿಯನ್ನೂ ಹೆಸರಿಸಿದ್ದಾನೆ. ಭಾರತದಲ್ಲಿ ಪ್ರಾಂತಕ್ಕೊಂದು ಲಿಪಿ ಇರುವಂತೆ ಅಂಕಿಗಳ ಆಕಾರವೂ ಬೇರೆ ಬೇರೆ ಎಂದು ಅವನು ಗಮನಿಸಿದ. ಆ ಮಾತು ಇಂದಿಗೂ ನಿಜ. ಕನ್ನಡದ ೪೫, ಉರ್ದುವಿನ ۴۵, ನಾವೆಲ್ಲ ಬರೆಯುವ 45 ಮೂರರ ವೇಷವೂ ಬೇರೆ. ಬಲದಿಂದ ಎಡಕ್ಕೆ ಸಾಗುವ ಉರ್ದು ಸಾಲಿನ ನಡುವೆಯೂ ಹತ್ತರ ಮನೆ ಬಿಡಿಯ ಎಡಕ್ಕೇ ಇರುತ್ತದೆ.

ನವಾಬರ ದಫ್ತರದಲ್ಲಿ

ಇಷ್ಟೆಲ್ಲ ಇದ್ದೂ ಆಡಳಿತದ ಲೆಕ್ಕ ಬೇರೆಯೇ ದಾರಿಯಲ್ಲಿ ನಡೆಯಿತು. ಸವಣೂರು ನವಾಬರ ಮನೆತನದ ಮೂಲಪುರುಷ ಅಬ್ದುಲ್ ರವೂಫ್ ಖಾನ್. ಔರಂಗಜೇಬನಿಂದ 1680ರಲ್ಲಿ ಬಂಕಾಪುರ, ತೋರಗಲ್ಲು ಮತ್ತು ಆಜಂನಗರ ಎನಿಸಿದ್ದ ಬೆಳಗಾವಿಯ ಜಾಗೀರು, ಏಳು ಸಾವಿರ ಕುದುರೆಗಳ ಅಧಿಕಾರ ಅವನಿಗೆ ಸಿಕ್ಕಿತೆಂದು ಇಂಪೀರಿಯಲ್ ಗೆಜೆಟಿಯರ್ ಹೇಳುತ್ತದೆ. ಲೋಕಾದಿತ್ಯನ ಬಂಕಾಪುರ ಹೀಗೆ ಎಂಟು ಶತಮಾನಗಳ ನಂತರ ಪಠಾಣ ಸರದಾರನ ಕೈಗೆ ಬಂತು.

ಮೊಗಲರ ಮನ್ಸಬ್ ಪದ್ಧತಿಯೂ ಹತ್ತರ ಮೇಲೆಯೇ ನಿಂತದ್ದು: ಹತ್ತರ ಮನ್ಸಬ್‌ದಾರನಿಂದ ಹತ್ತು ಸಾವಿರದವರೆಗೆ. ಆದರೆ ಮೊಗಲರ ಮತ್ತು ದಖ್ಖನಿನ ಕಂದಾಯದ ದಫ್ತರಗಳಲ್ಲಿ ಫಾರಸಿ ಮುನ್ಷಿಗಳು ಬರೆಯುತ್ತಿದ್ದದ್ದು 'ಸಿಯಾಕ್' ಅಥವಾ 'ರಕಮ್' ಲಿಪಿಯಲ್ಲಿ. ಅದು ಅರಬ್ಬೀ ಸಂಖ್ಯಾವಾಚಕಗಳನ್ನೇ ಮೊಟಕು ಮಾಡಿ ಗೀಚಿದ ಬರಹ. ಐದಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು, ಐನೂರಕ್ಕೆ ಮತ್ತೊಂದು. ಸ್ಥಾನವಿಲ್ಲ, ಸೊನ್ನೆಯೂ ಇಲ್ಲ. ಕನ್ನಡದ 'ರಕಮು' ಎಂಬ ಮಾತು ಆ ದಫ್ತರಗಳ ನೆನಪು. ಜಮಾ, ಖರ್ಚು, ಬಾಕಿ, ವಸೂಲಿಗಳೂ ಅಲ್ಲಿಂದಲೇ ಬಂದವು.

ಇದನ್ನು ಅಜ್ಞಾನ ಎನ್ನುವಂತಿಲ್ಲ. 100ರ ಮುಂದೆ ಒಂದು ಸೊನ್ನೆ ಇಟ್ಟರೆ ಸಾಲ ಹತ್ತು ಪಟ್ಟಾಗುತ್ತದೆ. ಸಿಯಾಕ್‌ನಲ್ಲಿ ಆ ಮೋಸ ಅಷ್ಟು ಸುಲಭವಲ್ಲ. ಇಟಲಿಯ ಫ್ಲಾರೆನ್ಸಿನ ಹಣ ವಿನಿಮಯಗಾರರ ಸಂಘ 1299ರಲ್ಲಿ ತನ್ನ ಸದಸ್ಯರು ಹೊಸ ಅಂಕಿಗಳಲ್ಲಿ ಲೆಕ್ಕ ಬರೆಯುವುದನ್ನು ನಿಷೇಧಿಸಿತ್ತು. ಚೆಕ್ಕಿನ ಮೇಲೆ ಮೊತ್ತವನ್ನು ಇಂದಿಗೂ ಅಕ್ಷರಗಳಲ್ಲಿ ಬರೆಯಬೇಕಾದದ್ದು ಇದೇ ಭಯದಿಂದ. ಸ್ಥಾನಬೆಲೆಯ ಶಕ್ತಿಯೂ ಅಪಾಯವೂ ಒಂದೇ ಸೊನ್ನೆಯಲ್ಲಿವೆ.

ಬಜಾರಿನಲ್ಲಿ ಆಣೆ, ಸೇರು, ಪಾವುಗಳು ಉಳಿದುಕೊಂಡದ್ದಕ್ಕೂ ಕಾರಣವಿತ್ತು. ಹದಿನಾರನ್ನು ಅರ್ಧ, ಅದರ ಅರ್ಧ, ಮತ್ತೆ ಅರ್ಧ ಎಂದು ನಾಲ್ಕು ಸಲ ಮುರಿಯಬಹುದು. ಹತ್ತು ಒಂದೇ ಸಲ ಸಮನಾಗಿ ಮುರಿಯುತ್ತದೆ. ಕಾಳಿನ ರಾಶಿಯನ್ನು ಕಣ್ಣಳತೆಯಲ್ಲಿ ಎರಡು ಪಾಲು ಮಾಡಬಹುದು. ಹತ್ತು ಪಾಲು ಮಾಡುವುದು ಕಷ್ಟ. ಕೈಗೆ ಕಾಲು, ಅರೆ, ಮುಕ್ಕಾಲು ಒಗ್ಗಿದವು. ಕಾಗದಕ್ಕೆ ಹತ್ತು ಒಗ್ಗಿತು. ಅಂಗಡಿಯವನು ಕಾಲು, ಅರೆಯ ಮಗ್ಗಿಗಳನ್ನು ಬಾಯಿಪಾಠ ಮಾಡಿದ್ದ. ಓದು ಬಾರದ ಗಿರಾಕಿ ಅವನ ಮಾತನ್ನೇ ನಂಬಬೇಕಿತ್ತು.

ಆರು ಪೈಸೆಯ ಆಣೆ

1957ರಲ್ಲಿ ಕೈಯ ಲೆಕ್ಕವೂ ಕಾಗದದ ಲೆಕ್ಕವೂ ಮುಖಾಮುಖಿಯಾದವು. ಒಂದು ಆಣೆಗೆ ಸರಿಯಾಗಿ ಆರೂ ಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಹಾಗಾಗಿ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾಪೈಸೆ ಎಂದಾಯಿತು. ಮೂರಾಣೆಯ ಸಾಮಾನನ್ನು ಒಂದೊಂದಾಣೆಯಂತೆ ಮೂರು ಸಲ ಕೊಂಡರೆ 18 ಪೈಸೆ, ಒಟ್ಟಿಗೆ ಕೊಂಡರೆ 19. ರೂಪಾಯಿಯ ಸಾಮಾನನ್ನು ಒಂದಾಣೆಯಂತೆ ಹದಿನಾರು ಸಲ ಮಾರಿದ ಅಂಗಡಿಯವನಿಗೆ ಸಿಗುವುದು 96 ಪೈಸೆ. ಪೈಸೆಗೆ ಬೆಲೆಯಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಈ ಪಟ್ಟಿ ಬಲ್ಲವನಿಗೆ ಲಾಭ, ಬಾರದವನಿಗೆ ನಷ್ಟ. 1958ರಿಂದ ಕಿಲೋ, ಮೀಟರು, ಲೀಟರುಗಳು ಹಂತಹಂತವಾಗಿ ಬಂದವು. 1964ರಲ್ಲಿ 'ನಯಾ' ಬಿದ್ದುಹೋಗಿ ಬರೀ ಪೈಸೆ ಉಳಿಯಿತು.

ಭಾಷೆ ಮಾತ್ರ ಅಷ್ಟು ಬೇಗ ಬಿಡಲಿಲ್ಲ. 25 ಪೈಸೆಗೆ ನಾಲ್ಕಾಣೆ ಎನ್ನುವ ರೂಢಿ ಆ ನಾಣ್ಯ 2011ರ ಜೂನ್ 30ರಂದು ಚಲಾವಣೆಯಿಂದ ಹೋಗುವವರೆಗೂ ಇತ್ತು. ನಂಬಿಕೆಯ ಮಾತಿಗೆ ನಾವು ಇಂದಿಗೂ 'ಹದಿನಾರಾಣೆ ನಿಜ' ಎನ್ನುತ್ತೇವೆ, 'ನೂರಕ್ಕೆ ನೂರು ನಿಜ' ಎಂದೂ ಹೇಳುತ್ತೇವೆ. ಎರಡು ಲೆಕ್ಕಗಳೂ ಒಂದೇ ನಾಲಗೆಯ ಮೇಲಿವೆ.

ಸೊನ್ನೆ ಸೇರಿಸುವುದೇ ಕಲಿಕೆಯೇ?

ಇಷ್ಟು ಕಷ್ಟಪಟ್ಟು ಬಂದ ಜ್ಞಾನ ತರಗತಿಯಲ್ಲಿ ಹಲವು ಸಲ ಒಂದು ಉಪಾಯವಾಗಿ ಇಳಿದುಬಿಡುತ್ತದೆ: ಹತ್ತರಿಂದ ಗುಣಿಸಬೇಕೇ, ಕೊನೆಗೆ ಒಂದು ಸೊನ್ನೆ ಹಾಕು. 45ಕ್ಕೆ ಅದು ಸರಿ. 4.5ಕ್ಕೆ ಸೊನ್ನೆ ಹಾಕಿದರೆ 4.50, ಬೆಲೆ ಎಳ್ಳಷ್ಟೂ ಏರಲಿಲ್ಲ. ಅಂಕಿಗಳು ಒಂದು ಮನೆ ಎಡಕ್ಕೆ ಸರಿಯುತ್ತವೆ ಎಂದು ಕಲಿತ ಮಗು ಮಾತ್ರ 45 ಎಂಬ ಉತ್ತರ ಕೊಡುತ್ತದೆ. ಸೊನ್ನೆ ಹಾಕುವುದು ಖಾಲಿ ಮನೆಯ ಗುರುತು, ಗುಣಾಕಾರವೇ ಅಲ್ಲ.

ಈ ತಿಳಿವು ಪರೀಕ್ಷೆಗಿಂತ ದೊಡ್ಡ ಜಾಗಗಳಲ್ಲಿ ಬೇಕಾಗುತ್ತದೆ. ಮಗುವಿನ ಔಷಧಿ 0.5 ಮಿಲಿ ಎಂದಿದ್ದಲ್ಲಿ 5 ಮಿಲಿ ಕೊಟ್ಟರೆ ಹತ್ತು ಪಟ್ಟು. ಸಾಲದ ಪತ್ರದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಮನೆ ಹೋಗುತ್ತದೆ. ಝಕಾತ್ ನಲವತ್ತರಲ್ಲಿ ಒಂದು ಪಾಲು: 86,000 ರೂಪಾಯಿಯನ್ನು ಒಂದು ಮನೆ ಬಲಕ್ಕೆ ಸರಿಸಿದರೆ 8,600, ಅದರ ಕಾಲು ಭಾಗ 2,150. ಕಾಗದ ಬೇಡ, ಯಂತ್ರ ಬೇಡ, ಯಾರನ್ನೂ ಕೇಳಬೇಕಾಗಿಲ್ಲ. ಇಲ್ಲಿ ಹತ್ತರ ಲೆಕ್ಕವೂ ಹಿರಿಯರ ಕಾಲು ಭಾಗದ ಲೆಕ್ಕವೂ ಜೊತೆಯಾಗಿ ಕೆಲಸ ಮಾಡುತ್ತವೆ.

ಈ ಅಂಕಿಗಳು ಯಾರವು ಎಂಬ ಜಗಳ ಆಗಾಗ ಏಳುತ್ತದೆ. ಅರಬ್ಬರು ಇದನ್ನು 'ಹಿಸಾಬುಲ್ ಹಿಂದ್' ಎಂದು ಹೆಸರಿಸಿ ಋಣವನ್ನು ಒಪ್ಪಿಕೊಂಡರು. ಯುರೋಪಿನವರು ಅರಬ್ಬೀ ಅಂಕಿಗಳೆಂದರು. ನಮ್ಮ ಸಂವಿಧಾನದ 343ನೆಯ ವಿಧಿ 'ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ' ಎನ್ನುತ್ತದೆ. ಮೂರರಲ್ಲೂ ನಿಜವಿದೆ. ಜೈನ ಮಹಾವೀರ, ಸಿರಿಯಾದ ಬಿಷಪ್, ಬಾಗ್ದಾದಿನ ಖ್ವಾರಿಝ್ಮಿ, ದಮಾಸ್ಕಸಿನ ಉಕ್ಲಿದಿಸಿ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಅವರವರ ಪಾಲಿನ ಕೆಲಸ ಒಂದೇ ಸಾಲಿನಲ್ಲಿ ಕೂತಿದೆ. ಸವಣೂರಿನ ಉರ್ದು ಶಾಲೆಯ ಮಗುವೂ ಕನ್ನಡ ಶಾಲೆಯ ಮಗುವೂ ಆ ಸಾಲಿನ ಸಮಾನ ವಾರಸುದಾರರು. ಅವರಿಗೆ ನಾವು ದಾಟಿಸಬೇಕಾದದ್ದು ಒಂದು ಸೊನ್ನೆಯ ಉಪಾಯವನ್ನಲ್ಲ. ತಮ್ಮ ಲೆಕ್ಕವನ್ನು ತಾವೇ ಪರೀಕ್ಷಿಸಿಕೊಳ್ಳುವ ಧೈರ್ಯವನ್ನು.